ನೂರಕ್ಕೆ ನಾಲ್ಕರ ಗೆರೆ ಮತ್ತು ಬನಹಟ್ಟಿಯ ಸೀರೆ

ರಬಕವಿ-ಬನಹಟ್ಟಿಯ ಮಗ್ಗಗಳು ಮೊದಲಿನಿಂದಲೂ ಊರಾಚೆಯ ಗಿರಾಕಿಯನ್ನೇ ನಂಬಿಕೊಂಡು ನಡೆದವು. ಮಾಲು ಎರಡು ದಿನ ತಡವಾದರೆ ಪೇಟೆಯ ವ್ಯಾಪಾರಿ ಫೋನು ಮಾಡಿ ರೇಗುತ್ತಿದ್ದ, ಕಾರಣ ಕೇಳುತ್ತಿದ್ದ, ತೀರ ಸಿಟ್ಟಾದರೆ ಬಿಲ್ಲಿನಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತಿದ್ದ. ಅದೇ ಸೀರೆಯನ್ನು ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋಗಳಲ್ಲಿ ಬಿಡಿಬಿಡಿಯಾಗಿ ಮಾರುವವರ ಮೇಲೆ ರೇಗುವವರಿಲ್ಲ, ಅವರನ್ನು ಕಾರಣ ಕೇಳುವವರೂ ಇಲ್ಲ. ಎಲ್ಲವನ್ನೂ ಒಂದು ಶೇಕಡಾ ಲೆಕ್ಕ ತೀರ್ಮಾನಿಸುತ್ತದೆ. ಅಮೆಜಾನ್ ಹಾಕಿರುವ ಗೆರೆಗಳು ಹೀಗಿವೆ: ತಡವಾಗಿ ರವಾನೆಯಾದ ಆರ್ಡರ್‌ಗಳು ಶೇ. 4ಕ್ಕಿಂತ ಕಡಿಮೆ ಇರಬೇಕು, ಮಾರುವವರೇ ರದ್ದು ಮಾಡಿದವು ಶೇ. 2.5ಕ್ಕಿಂತ ಕಡಿಮೆ, ದೂರು ಬಂದವು ಶೇ. 1ಕ್ಕಿಂತ ಕಡಿಮೆ. ತಡವನ್ನು ಹಿಂದಿನ 10 ದಿನ ಮತ್ತು 30 ದಿನಗಳ ಲೆಕ್ಕದಲ್ಲಿ ನೋಡುತ್ತಾರೆ. ಇಲ್ಲಿ ತಡವೆಂದರೆ ಸೀರೆ ಗಿರಾಕಿಯ ಮನೆ ಮುಟ್ಟಲು ಆದ ತಡವಲ್ಲ. ಸೀರೆ ಮಡಚಿ, ಕವರಿಗೆ ಹಾಕಿ, ಲೇಬಲ್ ಅಂಟಿಸಿ, ಕೊಟ್ಟ ಗಡುವಿನೊಳಗೆ ಕೊರಿಯರ್‌ಗೆ ಒಪ್ಪಿಸಿದ್ದು ದಾಖಲಾಯಿತೇ ಎಂಬುದಷ್ಟೇ ಪ್ರಶ್ನೆ. ಮಾರುವವರ ಕೈಯಲ್ಲಿರುವ ಕೆಲಸವನ್ನು ಮಾತ್ರ ಅಳೆಯುವುದರಿಂದ ಮೇಲುನೋಟಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ.

ತೊಡಕಿರುವುದು ಶೇಕಡಾದಲ್ಲಿ. ತಿಂಗಳಿಗೆ 20 ಆರ್ಡರ್ ಬರುವ ಮನೆಯಲ್ಲಿ ಒಂದೇ ಒಂದು ತಡವಾದರೆ ಅದು ಶೇ. 5 ಆಯಿತು, ಗೆರೆ ದಾಟಿತು. ತಿಂಗಳಿಗೆ 2000 ಆರ್ಡರ್ ಕಳಿಸುವ ದೊಡ್ಡ ಅಂಗಡಿ 79 ಗಿರಾಕಿಗಳನ್ನು ಕಾಯಿಸಿದರೂ ಗೆರೆಯ ಒಳಗೇ ಇರುತ್ತದೆ. ಇದು ಮಾಮೂಲಿ ಗಣಿತ ಎಂದು ತಳ್ಳಿಹಾಕುವ ಮುನ್ನ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸಬೇಕು. ವರ್ಷಗಟ್ಟಲೆ ನೋಡಿದರೆ ನೂರಕ್ಕೆ ಎರಡನ್ನಷ್ಟೇ ತಡಮಾಡುವ ಒಬ್ಬ ಶಿಸ್ತಿನ ಮಾರಾಟಗಾರನಿದ್ದಾನೆ ಎನ್ನಿ. ತಿಂಗಳಿಗೆ 20 ಆರ್ಡರ್ ಇದ್ದರೆ ಒಂದೂ ತಡವಾಗದ ತಿಂಗಳು ಅವನಿಗೆ ಸಿಗುವ ಸಾಧ್ಯತೆ ಶೇ. 67 ಮಾತ್ರ. ಎಂದರೆ ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು ಅವನು ತಪ್ಪಿತಸ್ಥ. ನೂರಕ್ಕೆ ಮೂರನ್ನು ತಡಮಾಡುವ, ಅವನಿಗಿಂತ ಸಡಿಲವಾದ, ಆದರೆ 1000 ಆರ್ಡರ್ ಇರುವ ಅಂಗಡಿ ಯಾವುದೇ ತಿಂಗಳು ಗೆರೆ ಮುಟ್ಟುವ ಸಾಧ್ಯತೆ ನೂರಕ್ಕೆ ಐದರೊಳಗೆ. ಈ ಅಳತೆ ಶಿಸ್ತನ್ನು ಅಳೆಯುವುದಕ್ಕಿಂತ ಹೆಚ್ಚಾಗಿ ಅಂಗಡಿಯ ಗಾತ್ರವನ್ನೇ ಅಳೆಯುತ್ತಿದೆ ಎಂಬುದು ನನ್ನ ಆಕ್ಷೇಪ.

ಗಿರಾಕಿಗೆ ಇದೆಲ್ಲ ಯಾಕೆ ಬೇಕು ಎಂದು ಕೇಳಬಹುದು. ಮದುವೆಗೆಂದು ತರಿಸಿದ ಸೀರೆ ಅಕ್ಷತೆ ಬಿದ್ದ ಮೇಲೆ ಬಂದರೆ, ಕಳಿಸಿದವರು ಸಣ್ಣವರೋ ದೊಡ್ಡವರೋ ಎಂಬುದು ಆಕೆಗೆ ಮುಖ್ಯವಲ್ಲ. ಮಾತು ಸರಿಯೇ, ಅದಕ್ಕೇ ಅಳತೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಗಿರಾಕಿಯ ಕಷ್ಟವೇ ಮುಖ್ಯವಾದರೆ ಎಷ್ಟು ತಡವಾಯಿತು ಎಂಬುದೂ ಲೆಕ್ಕಕ್ಕೆ ಬರಬೇಕಿತ್ತು. ಇಲ್ಲಿ ಆರು ತಾಸಿನ ತಡಕ್ಕೂ ಆರು ದಿನದ ತಡಕ್ಕೂ ಒಂದೇ ಗುರುತು. ಮುಧೋಳ, ಜಮಖಂಡಿ, ಬೀಳಗಿಯ ಕಬ್ಬು ಬೆಳೆಗಾರರಿಗೆ ಬೇರೊಂದು ಬಗೆಯ ಲೆಕ್ಕ ಗೊತ್ತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿಕೊಂಡ 14 ದಿನದಲ್ಲಿ ಕಾರ್ಖಾನೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿ. ಅದನ್ನು ಪಾಲಿಸುವವರೆಷ್ಟು ಎಂಬುದು ಬಿಡಿ, ಬಾಕಿಗಾಗಿ ಬೀದಿಗಿಳಿದ ರೈತರೇ ಅದಕ್ಕೆ ಉತ್ತರ. ಆದರೂ ಆ ಆದೇಶದ ತರ್ಕ ನೇರವಾಗಿದೆ: ಎಷ್ಟು ದಿನ ತಡವೋ ಅಷ್ಟು ದಿನದ ಬಡ್ಡಿ. ಕೋಟಿಗಟ್ಟಲೆ ವಹಿವಾಟಿನ ಕಾರ್ಖಾನೆಯ ತಡವನ್ನು ದಿನದ ಲೆಕ್ಕದಲ್ಲಿ ತೂಗುವಾಗ, ಹತ್ತಿಪ್ಪತ್ತು ಸೀರೆ ಮಾರುವವರ ತಡವನ್ನು ಹೌದು-ಅಲ್ಲಗಳಲ್ಲಿ ಮುಗಿಸುವುದು ವಿಚಿತ್ರ.

ಇನ್ನೊಂದು ವಾದ ಇದಕ್ಕಿಂತ ಗಟ್ಟಿಯಾದದ್ದು. ಗಡುವನ್ನು ಮಾರುವವರೇ ಉದ್ದ ಇಟ್ಟುಕೊಳ್ಳಬಹುದಲ್ಲ? ಇಲ್ಲವೇ ಮಾಲನ್ನು ಕಂಪನಿಯ ಗೋದಾಮಿಗೇ ಕಳಿಸಿಬಿಟ್ಟರೆ ತಡದ ಹೊಣೆ ತಪ್ಪುತ್ತದಲ್ಲ? ಎರಡೂ ನಿಜ, ಎರಡಕ್ಕೂ ಬೆಲೆಯುಂಟು. ಬೇಗ ತಲುಪುವ ಮಾಲನ್ನು ಮುಂದೆ ತೋರಿಸುವ ಜಾಗದಲ್ಲಿ ವಾರದ ಗಡುವಿಟ್ಟವರ ಸೀರೆ ಹಿಂದೆ ಸರಿಯುತ್ತದೆ. ಗೋದಾಮಿಗೆ ಕಳಿಸಿದರೆ ಬಾಡಿಗೆ, ನಿರ್ವಹಣಾ ಶುಲ್ಕ ಹತ್ತುತ್ತವೆ, ಜಿಎಸ್‌ಟಿಯಲ್ಲಿ ಆ ಗೋದಾಮಿನ ವಿಳಾಸವನ್ನೂ ಸೇರಿಸಬೇಕು, ಮಾರಾಟವಾಗುವ ತನಕ ನೂಲಿಗೆ ಹಾಕಿದ ದುಡ್ಡು 500 ಕಿ.ಮೀ. ಆಚೆ ಬೆಂಗಳೂರಿನಲ್ಲಿ ಕೂತಿರುತ್ತದೆ. ಇನ್ನು ತಡದ ಕಾರಣಗಳೆಲ್ಲ ಒಂದೇ ಬಗೆಯವಲ್ಲ. ಊರಿನ ಕಾಡಸಿದ್ಧೇಶ್ವರ ಜಾತ್ರೆಗೆ ಮಗ್ಗ ನಿಲ್ಲುವುದು ಮೊದಲೇ ಗೊತ್ತಿರುತ್ತದೆ. ಆಗ ಖಾತೆಯನ್ನು ರಜೆಗೆ ಹಾಕದವರು ತಮ್ಮನ್ನೇ ಬೈದುಕೊಳ್ಳಬೇಕು. ಕರೆಂಟು, ಹೊಳೆಗಳ ಮಾತು ಬೇರೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಉಕ್ಕಿ ಈ ಭಾಗದ ರಸ್ತೆ, ಸೇತುವೆಗಳು ಮುಳುಗಿದವು. ಅಂಥ ಹೊತ್ತಿನಲ್ಲಿ ತಡವಾಗುವುದು ಒಂದಲ್ಲ, ಕೈಯಲ್ಲಿದ್ದ ಆರ್ಡರ್ ಅಷ್ಟೂ. ದೊಡ್ಡ ವಿಪತ್ತಿನಲ್ಲಿ ಕಂಪನಿಗಳು ರಿಯಾಯಿತಿ ಕೊಡುವುದುಂಟು. 2020ರ ಲಾಕ್‌ಡೌನಿನಲ್ಲಿ ಕೊಟ್ಟೂ ಇವೆ. ಆದರೆ ಒಂದು ತಾಲ್ಲೂಕಿನ ಹೊಳೆ ಉಕ್ಕಿದ್ದು ಅವರ ಗಮನಕ್ಕೆ ಬರುವುದೇ, ಬಂದರೆ ಎಷ್ಟು ದಿನಕ್ಕೆ ಎಂಬುದು ಅವರ ಇಷ್ಟ.

ಗೆರೆ ದಾಟಿ ಖಾತೆಗೆ ತಡೆ ಬಿದ್ದವರಿಗೆ ಕಾನೂನಿನ ಕಡೆ ನೋಡಿದರೆ ಆಸರೆ ಕಡಿಮೆ. 2020ರ ಗ್ರಾಹಕ ರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಮಾರಾಟಗಾರರನ್ನು ಯಾವ ಮುಖ್ಯ ಅಂಶಗಳ ಮೇಲೆ ಹಿಂದೆ ಮುಂದೆ ಮಾಡಿ ತೋರಿಸಲಾಗುತ್ತದೆ ಎಂದು ವೇದಿಕೆ ವಿವರಿಸಬೇಕು. ಹೆಸರೇ ಹೇಳುವಂತೆ ಅವು ಕೊಳ್ಳುವವರಿಗಾಗಿ ಬರೆದವು. ಐರೋಪ್ಯ ಒಕ್ಕೂಟದಲ್ಲಿ 2020ರ ಜುಲೈನಿಂದ ಮಾರುವವರಿಗಾಗಿಯೇ ಒಂದು ನಿಯಮವಿದೆ: ಖಾತೆ ತಡೆಹಿಡಿದರೆ ಕಾರಣ ಬರೆದುಕೊಡಬೇಕು, ಪೂರ್ತಿ ಮುಚ್ಚುವುದಾದರೆ ಸಾಮಾನ್ಯವಾಗಿ 30 ದಿನ ಮುಂಚೆ ತಿಳಿಸಬೇಕು. ನಮ್ಮಲ್ಲೂ ಅಷ್ಟಾದರೂ ಬರಬೇಕು. ಅಳತೆಯ ಮಟ್ಟಿಗೆ ನಾನು ಕೇಳುವುದು ಇನ್ನೂ ಸಣ್ಣದು. 30 ದಿನಕ್ಕೆ 100 ಆರ್ಡರ್ ಆಗದವರನ್ನು ದಿನದ ಲೆಕ್ಕದಲ್ಲಿ ನೋಡದೆ, ಅವರ ಕಳೆದ 100 ಆರ್ಡರ್‌ಗಳ ಮೇಲೆ ತೂಗಲಿ. ಜಿಲ್ಲಾಡಳಿತ ಪ್ರವಾಹವೆಂದು ಘೋಷಿಸಿದ ದಿನಗಳನ್ನು ಆಯಾ ಪಿನ್‌ಕೋಡ್‌ಗೆ ತಾನಾಗಿಯೇ ಬಿಟ್ಟುಬಿಡಲಿ. ವಂಚಿಸುವವರು ಇದನ್ನು ದುರುಪಯೋಗ ಮಾಡಿಕೊಳ್ಳುತ್ತಾರೆಂಬ ಭಯ ಸಹಜ. ಆದರೆ ಹೊಸ ಹೆಸರಿನಲ್ಲಿ ಖಾತೆ ತೆರೆದು ಮೋಸ ಮಾಡುವವರನ್ನು ಹಿಡಿಯಲು ದೂರಿನ ಶೇ. 1ರ ಗೆರೆ ಇದ್ದೇ ಇದೆ, ಅದನ್ನು ಯಾರೂ ಸಡಿಲಿಸಿ ಎನ್ನುತ್ತಿಲ್ಲ.