ವೇತನದ ಮಿತಿಯೂ ವಿಮೆಯ ರಕ್ಷಣೆಯೂ

ಸಾಮಾಜಿಕ ವಿಮೆಯನ್ನು ಕುರಿತ ಚರ್ಚೆಯಲ್ಲಿ ವಂತಿಗೆಯ ದರಕ್ಕೇ ಪ್ರಾಧಾನ್ಯವುಂಟು. ಯಾವ ವೇತನವನ್ನು ದಾಟಿದೊಡನೆ ರಕ್ಷಣೆಯು ನಿಂತುಹೋಗುವುದೆಂಬ ಪ್ರಶ್ನೆಯು ಅದಕ್ಕಿಂತಲೂ ಗಹನವಾದುದೆಂದು ನಾವು ಭಾವಿಸುತ್ತೇವೆ.

1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯು ಮೊದಲಿಗೆ ತಿಂಗಳಿಗೆ 400 ರೂಪಾಯಿ ಮೀರದ ವೇತನದವರನ್ನು ಮಾತ್ರ ಒಳಗೊಂಡಿತ್ತು. ಮಿತಿಯು ಕಾಲಕಾಲಕ್ಕೆ ಏರುತ್ತ, 2010ರಲ್ಲಿ 15,000ಕ್ಕೂ 2017ರಲ್ಲಿ 21,000ಕ್ಕೂ ಬಂದಿತು. 2019ರ ಜುಲೈ ತಿಂಗಳಲ್ಲಿ ವಂತಿಗೆಯನ್ನು ಇಳಿಸಿ, ಕಾರ್ಮಿಕನಿಗೆ ವೇತನದ ಶೇಕಡ 0.75 ಎಂದೂ ಮಾಲೀಕನಿಗೆ ಶೇಕಡ 3.25 ಎಂದೂ ಗೊತ್ತುಪಡಿಸಲಾಯಿತು.

2023-24ರ ಆರ್ಥಿಕ ವರ್ಷವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಆಗ 21,000 ರೂಪಾಯಿ ವೇತನದ ಕಾರ್ಮಿಕನು ತಿಂಗಳಿಗೆ 157 ರೂಪಾಯಿ 50 ಪೈಸೆ ತೆತ್ತು, ತನಗೂ ಹೆಂಡತಿ ಮಕ್ಕಳಿಗೂ ಆಶ್ರಿತ ತಂದೆತಾಯಿಗಳಿಗೂ ಚಿಕಿತ್ಸೆಯ ಹಕ್ಕನ್ನು ಪಡೆದಿದ್ದನು. ಕಾಯಿಲೆಯಿಂದ ಕೆಲಸ ತಪ್ಪಿದರೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡ 70ರಷ್ಟು ನಗದೂ ಉಂಟು. ಅವನ ವೇತನವು 22,000 ಆಯಿತೆನ್ನೋಣ. ನಡೆಯುತ್ತಿರುವ ಆರು ತಿಂಗಳ ವಂತಿಗೆಯ ಅವಧಿ ಮುಗಿಯುವವರೆಗೆ ಅವನು ಸದಸ್ಯನಾಗಿಯೇ ಇರುವನು, ಅನಂತರ ಹೊರಗೆ. ಬಡ್ತಿಯೇ ನಷ್ಟಕ್ಕೆ ಕಾರಣವಾಯಿತು. ಅತ್ತ ಮಾಲೀಕನಿಗೆ ತನ್ನ ಪಾಲಿನ ವಂತಿಗೆಯು ಉಳಿಯಿತು.

ಹೊರಬಿದ್ದವನು ಖಾಸಗಿ ವಿಮೆಯನ್ನು ಕೊಳ್ಳಲಿ, ತೆರಿಗೆಯಲ್ಲಿ ವಿನಾಯಿತಿ ಇದೆಯಲ್ಲವೆ ಎಂಬ ಸಮಾಧಾನವುಂಟು. 1961ರ ಆದಾಯ ತೆರಿಗೆ ಕಾಯಿದೆಯ 80-ಡಿ ಪ್ರಕರಣದಂತೆ, ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರು ತಮಗೂ ಹೆಂಡತಿ ಮಕ್ಕಳಿಗೂ ಕಟ್ಟಿದ ಕಂತಿನಲ್ಲಿ 25,000 ರೂಪಾಯಿವರೆಗೆ ಆದಾಯದಿಂದ ಕಳೆಯಬಹುದಾಗಿತ್ತು. ಶೇಕಡ 30ರ ದರದಲ್ಲಿ ತೆರಿಗೆ ಕೊಡುವವನಿಗೆ ಇದರಿಂದ 7,500 ರೂಪಾಯಿ ಉಳಿತಾಯ, ಮೇಲುಸುಂಕು ಬೇರೆ. ನಮ್ಮ ಕಾರ್ಮಿಕನ ವಾರ್ಷಿಕ ಆದಾಯವಾದರೋ 2,64,000. ಇದು ಎರಡು ಪದ್ಧತಿಗಳಲ್ಲಿಯೂ ತೆರಿಗೆಗೆ ಒಳಪಡದು. ತೆರಿಗೆಯೇ ಇಲ್ಲದವನಿಗೆ ವಿನಾಯಿತಿಯಿಂದೇನು ಫಲ? ಸಾಲದೆಂಬಂತೆ, ಅವನು ಕಟ್ಟುವ 10,000 ರೂಪಾಯಿ ಕಂತಿನ ಮೇಲೆ ಸರಕು ಮತ್ತು ಸೇವಾ ತೆರಿಗೆಯೆಂದು 1,800 ರೂಪಾಯಿ ವಸೂಲಾಗುತ್ತಿತ್ತು. ವ್ಯಕ್ತಿಗಳು ಕೊಳ್ಳುವ ಆರೋಗ್ಯ ವಿಮೆಗೆ ಈ ತೆರಿಗೆ ತಪ್ಪಿದ್ದು 2025ರ ಸೆಪ್ಟೆಂಬರ್ 22ರಂದು.

ಕರ್ನಾಟಕದಲ್ಲಿ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಇಂಥವರ ನೆರವಿಗೆ ಸ್ವಲ್ಪಮಟ್ಟಿಗೆ ಬರುತ್ತದೆ. ಆದರೆ ಅದು ಬಹುಮಟ್ಟಿಗೆ ಆಸ್ಪತ್ರೆಗೆ ಸೇರಿದವರ ಚಿಕಿತ್ಸೆಗೆ ಸಂಬಂಧಿಸಿದ್ದು. ಕೆಲಸ ತಪ್ಪಿದ ದಿನಗಳ ಕೂಲಿಯನ್ನು ಅದು ತುಂಬಿಕೊಡದು.

ಮಿತಿಯನ್ನು ಇನ್ನಷ್ಟು ಏರಿಸಿದರೆ ಸಾಕೆಂಬ ವಾದವನ್ನು ನಾವು ಒಪ್ಪಲಾರೆವು. ಅದರಿಂದ ಗೋಡೆಯು ಸ್ವಲ್ಪ ಆಚೆಗೆ ಸರಿಯುವುದೇ ಹೊರತು ಬೀಳದು. ಭವಿಷ್ಯನಿಧಿಯ ಯೋಜನೆಯಲ್ಲಿ ಒಮ್ಮೆ ಸದಸ್ಯನಾದವನು ವೇತನವು ಮಿತಿಯನ್ನು ದಾಟಿದರೂ ಸದಸ್ಯನಾಗಿಯೇ ಉಳಿಯುವ, ಮಿತಿಯವರೆಗಿನ ವೇತನಕ್ಕೆ ಮಾತ್ರ ವಂತಿಗೆ ಲೆಕ್ಕಹಾಕುವ ಕ್ರಮವು ಬಹುಕಾಲದಿಂದ ಬಂದಿದೆ. ಆರೋಗ್ಯ ವಿಮೆಗೂ ಇದೇ ನಿಯಮವನ್ನು ಅನ್ವಯಿಸಿದರೆ, 22,000 ಪಡೆಯುವವನ ವಂತಿಗೆಯು 157 ರೂಪಾಯಿ 50 ಪೈಸೆಯಾಗಿಯೇ ನಿಲ್ಲುವುದು, ರಕ್ಷಣೆಯೂ ಮುಂದುವರಿಯುವುದು.