ಕಿತ್ತೂರ ವಾಡೆಯ ಮರ ಎಲ್ಲಿ ಹೋಯಿತು?

ಕಿತ್ತೂರ ಕೋಟೆಗೆ ಹೋದವರು ರಾಣಿ ಚೆನ್ನಮ್ಮನ ಕಥೆ ಕೇಳುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಕಟಕೋಳದ ಬಡಿಗ. ನನ್ನ ಕಣ್ಣು ಹೋಗುವುದು ತೊಲೆ ಕೂತಿದ್ದ ತೂತುಗಳ ಮೇಲೆ. ಗೋಡೆ ಇದೆ, ಮಾಡು ಇಲ್ಲ. ಕಲ್ಲು ಇದೆ, ಕಂಬ ಇಲ್ಲ.

ಕೋಟೆಯೊಳಗಿನ ಈ ವಾಡೆ, ಅಂದರೆ ಅರಮನೆ, ಕಟ್ಟಿಸಿದವನು ಅಲ್ಲಪ್ಪಗೌಡ ಸರದೇಸಾಯಿ, 17ನೇ ಶತಮಾನದಲ್ಲಿ. ಮನೆತನದ ಮೂಲಪುರುಷರು ಹಿರೇಮಲ್ಲ, ಚಿಕ್ಕಮಲ್ಲ. 1585ರಲ್ಲಿ ಸಾಗರದ ಕಡೆಯಿಂದ ಬಂದು ಬಿಜಾಪುರದ ದಂಡಿನಲ್ಲಿ ದುಡಿದವರೆಂದು ಪ್ರತೀತಿ. ಸಂಪಗಾವಿಯಲ್ಲಿದ್ದ ದೇಸಗತಿಯ ಗದ್ದುಗೆಯನ್ನು ಕಿತ್ತೂರಿಗೆ ತಂದವನೂ ಅಲ್ಲಪ್ಪಗೌಡನೇ. ಹತ್ತಿರದಲ್ಲೇ ಮಲೆನಾಡಿನ ಅಡವಿ, ಸಾಗವಾನಿಗೇನು ಬರ!

ಕಟ್ಟಿಸಿದವರ ಬುದ್ಧಿ ನೋಡಬೇಕೆಂದರೆ ಬಚ್ಚಲಿನ ಕಡೆ ಹೋಗಬೇಕು. ಕಲ್ಲಿನ ತೊಟ್ಟಿಗಳು, ನೀರು ತರುವ ಕೊಳವೆಯ ವ್ಯವಸ್ಥೆ, ಬಳಸಿದ ನೀರು ಹರಿದುಹೋಗಲು ದಾರಿ. ಇನ್ನೊಂದು, ಗೋಡೆಯಲ್ಲಿ ಓರೆಯಾಗಿ ಕೂಡಿಸಿದ ಕಿಂಡಿ. ಅದರಲ್ಲಿ ಕಣ್ಣಿಟ್ಟರೆ ಧ್ರುವನಕ್ಷತ್ರ ಕಾಣುತ್ತದೆ. ಉಳಿದ ಚಿಕ್ಕೆಗಳೆಲ್ಲ ಸರಿಯುತ್ತವೆ, ಅದೊಂದು ಹೆಚ್ಚುಕಮ್ಮಿ ನಿಂತಲ್ಲೇ ನಿಲ್ಲುತ್ತದೆ. ಆದ್ದರಿಂದ ಒಮ್ಮೆ ಕೋನ ಹಿಡಿದು ಕೂಡಿಸಿದರೆ ಸಾಕು. ಆದರೆ ಆ ಒಂದು ಸಲ ಗೋಡೆ ಎಬ್ಬಿಸುವಾಗಲೇ ಲೆಕ್ಕ ತಪ್ಪಬಾರದು. ಗೌಂಡಿ ಯಾರೋ, ಹೆಸರು ಉಳಿದಿಲ್ಲ. ದೇಸಾಯರ ಹೆಸರಷ್ಟೇ ಉಳಿದಿದೆ.

ಮನೆತನ ಒಂದೇ ಆದರೂ ವಾಡೆಯ ಮೇಲೆ ಹಕ್ಕು ಹೇಳಿದವರು ಬಹಳ. 1785ರಲ್ಲಿ ಟಿಪ್ಪುವಿನ ದಂಡು ಕಿತ್ತೂರು ಹಿಡಿಯಿತು, ಮಲ್ಲಸರ್ಜ ದೇಸಾಯಿ ಸೆರೆಯಾದ. ತಪ್ಪಿಸಿಕೊಂಡು ಬಂದವನು ಪೇಶ್ವೆಯ ಕೈಕೆಳಗೆ ಬಾಳಬೇಕಾಯಿತು: 1809ರ ಒಪ್ಪಂದದಂತೆ ವರ್ಷಕ್ಕೆ 1,75,000 ರೂಪಾಯಿ ಕಪ್ಪ. ಸ್ವಂತ ಮನೆಯಲ್ಲಿದ್ದೇ ಬಾಡಿಗೆ ಕೊಟ್ಟಂತೆ. 1818ರಲ್ಲಿ ಪೇಶ್ವೆ ಬಿದ್ದ, ಆ ಜಾಗಕ್ಕೆ ಈಸ್ಟ್ ಇಂಡಿಯಾ ಕಂಪನಿ ಬಂತು.

1824ರ ಸೆಪ್ಟೆಂಬರಿನಲ್ಲಿ ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ಮಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಮೊಹರು ಒತ್ತಿ ಕಾವಲು ಹಾಕಿಸಿದ. ಅಕ್ಟೋಬರ್ 23ರಂದು ಚೆನ್ನಮ್ಮನ ದಂಡಿನ ಕೈಯಲ್ಲಿ ಕೋಟೆಯ ಮುಂದೆಯೇ ಸತ್ತ. ಡಿಸೆಂಬರ್ ಮೊದಲ ವಾರದಲ್ಲಿ ಕಂಪನಿ ದೊಡ್ಡ ದಂಡು ತಂದು ಕೋಟೆ ಹಿಡಿಯಿತು. ಚೆನ್ನಮ್ಮನನ್ನು ಬೈಲಹೊಂಗಲಕ್ಕೆ ಒಯ್ದು ಸೆರೆಯಲ್ಲಿಟ್ಟರು, 1829ರ ಫೆಬ್ರುವರಿಯಲ್ಲಿ ಆಕೆ ಅಲ್ಲೇ ತೀರಿಕೊಂಡಳು. ಇದೆಲ್ಲ ನಮ್ಮ ಕಡೆ ಲಾವಣಿಯಲ್ಲೇ ಕೇಳಿ ಗೊತ್ತು, ಬೆಳೆಸುವುದಿಲ್ಲ.

ಆಮೇಲಿನ ಕಥೆಯನ್ನು ಲಾವಣಿಕಾರರು ಹೇಳುವುದಿಲ್ಲ. ವಾಡೆಯ ಕಂಬ, ಬೋದಿಗೆ, ಬಾಗಿಲು ಹರಾಜಾಗಿ ಸುತ್ತಲಿನ ಮನೆಗಳಿಗೆ ಹೋದವು ಎಂದು ಹಿರಿಯರ ಮಾತು. ಮಣ್ಣಿನ ಮಾಳಿಗೆಗೆ ಆಧಾರವೇ ಮರ. ಜಂತಿ ತೆಗೆದರೆ ಮೇಲ್ಮುದ್ದೆ ಕೆಳಗೆ ಬರುತ್ತದೆ, ಗೋಡೆಯ ನೆತ್ತಿಗೆ ನೀರು ಇಳಿಯುತ್ತದೆ. ಎರಡು ಮಳೆಗಾಲ ಸಾಕು. ತೋಪು ಹೊಡೆದದ್ದಕ್ಕಿಂತ ಹೆಚ್ಚು ಕೆಡುಕನ್ನು ಬಿಚ್ಚಿ ಒಯ್ದವರು ಮಾಡಿರಬೇಕು ಎಂದು ನನಗನಿಸುತ್ತದೆ.

ಈಗ ಒಡೆತನ ಸರಕಾರದ್ದು. ಕೋಟೆಯೊಳಗೆ 1967ರಿಂದ ವಸ್ತುಸಂಗ್ರಹಾಲಯವಿದೆ, ಕೆತ್ತನೆಯ ಬಾಗಿಲ ಚೌಕಟ್ಟು ಅಲ್ಲಿ ನೋಡಲು ಸಿಗುತ್ತದೆ. ಪ್ರತಿವರ್ಷ ಅಕ್ಟೋಬರ್ 23ಕ್ಕೆ ಕಿತ್ತೂರ ಉತ್ಸವ ಶುರು.

ಹಳೇ ಮನೆ ಕೆಡವಿದ ಮರ ಮಾರುವವರ ಬಾಯಲ್ಲಿ ಮಾತ್ರ ವಾಡೆ ಇನ್ನೂ ಮುಗಿದಿಲ್ಲ. “ಬಡಿಗೇರ ಮಾಮಾ, ಇದು ಕಿತ್ತೂರ ಅರಮನಿ ಸಾಗವಾನಿ ನೋಡ್ರಿ,” ಅಂತಾರೆ. ನಾನು ತೊಲೆ ಹೊರಳಿಸಿ ಬಾಚಿಯ ಗುರುತು ಹುಡುಕುತ್ತೇನೆ. ಮಶಿನ್ ಗರಗಸದ್ದಾದರೆ ಗೆರೆ ಒಂದೇ ಸಮ. ಬಾಚಿಯದ್ದಾದರೆ ಕೈಗೆ ಅಲೆಅಲೆಯಾಗಿ ಸಿಗುತ್ತದೆ. ಕೀಲು ಮರದ್ದೋ ಕಬ್ಬಿಣದ್ದೋ ಅಂತಲೂ ನೋಡುತ್ತೇನೆ. ಇಷ್ಟರಿಂದ ಹಳೇದೋ ಹೊಸದೋ ಗೊತ್ತಾಗುತ್ತದೆ, ದೇಸಾಯರದೋ ಮತ್ಯಾರದೋ ಗೊತ್ತಾಗುವುದಿಲ್ಲ. ಅವರು ಹೇಳುವುದು ಕಿತ್ತೂರಿನ ದರ, ನಾನು ಕೊಡುವುದು ಹಳೇ ಸಾಗವಾನಿಯ ದರ.