ಒಂದೇ ಉದ್ಯಾನದಲ್ಲಿ ಹಿಮ, ಮಳೆಕಾಡು, ಕಡಲು

ಕಳೆದ ಬೇಸಿಗೆ ರಜೆಯಲ್ಲಿ ಅಮ್ಮಿಯ ಜೊತೆ ಅಮೆರಿಕದ ಸಿಯಾಟಲ್‌ನಲ್ಲಿರುವ ಮಾಮು ಮನೆಗೆ ಹೋಗಿದ್ದೆ. ಮೇ ತಿಂಗಳಲ್ಲಿ ಅವರು ನಮ್ಮನ್ನು ಮೂರು ದಿನ ಒಲಿಂಪಿಕ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋದರು. ವಾಷಿಂಗ್ಟನ್ ರಾಜ್ಯದ ಪಶ್ಚಿಮ ಅಂಚಿನಲ್ಲಿರುವ ಇದು 1938ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1981ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ವಿಸ್ತೀರ್ಣ ಸುಮಾರು 9 ಲಕ್ಷ ಎಕರೆ. ನಡುವೆ ಹಾದುಹೋಗುವ ರಸ್ತೆಯೇ ಇಲ್ಲ. 101ನೇ ಹೆದ್ದಾರಿಯಲ್ಲಿ ಸುತ್ತು ಹಾಕಿ, ಕವಲು ರಸ್ತೆಗಳಲ್ಲಿ ಒಳಗೆ ಹೋಗಬೇಕು.

ಮೊದಲ ದಿನ ಹರಿಕೇನ್ ರಿಡ್ಜ್ ಹತ್ತಿದೆವು. ಎತ್ತರ 5,242 ಅಡಿ. ನಮ್ಮ ಚಿತ್ರದುರ್ಗದಲ್ಲಿ ಬಿಸಿಲು ಸುಡುವ ತಿಂಗಳಲ್ಲಿ ಅಲ್ಲಿ ಹಿಮವಿತ್ತು. ಮರುದಿನ 'ಹೋ' ಮಳೆಕಾಡು. ಕೊಂಬೆಗಳಿಂದೆಲ್ಲ ಪಾಚಿ ಜೋತುಬಿದ್ದಿತ್ತು. ಬಿದ್ದ ಮರದ ಮೇಲೆಯೇ ಸಾಲಾಗಿ ಹೊಸ ಸಸಿಗಳು ಬೆಳೆದಿದ್ದವು. ಅಂದೇ ಸಂಜೆ ರಿಯಾಲ್ಟೋ ಕಡಲತೀರದಲ್ಲಿದ್ದೆವು.

ಇಷ್ಟು ಹತ್ತಿರದಲ್ಲಿ ಮೂರೂ ಹೇಗೆ? ಪೆಸಿಫಿಕ್ ಸಾಗರದಿಂದ ಬರುವ ತೇವದ ಗಾಳಿಗೆ ಒಲಿಂಪಿಕ್ ಪರ್ವತಗಳು ಅಡ್ಡ ನಿಂತಿವೆ. ಗಾಳಿ ಮೇಲೇರುತ್ತಾ ತಣ್ಣಗಾಗಿ ಮಳೆ ಸುರಿಸುತ್ತದೆ. ತುದಿಯಲ್ಲಿ ಅದೇ ಹಿಮವಾಗುತ್ತದೆ. ಹೋ ಕಾಡಿಗೆ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಬೆಟ್ಟದ ಆಚೆಯ ಸೆಕ್ವಿಮ್ ಊರಿಗೆ ಸುಮಾರು 400 ಮಿ.ಮೀ. ಮಾತ್ರ. ಇದಕ್ಕೆ ಮಳೆ ನೆರಳು ಎನ್ನುತ್ತಾರೆ. ಆಗುಂಬೆಯಲ್ಲಿ ಮಳೆ ಸುರಿದು ನಮ್ಮ ಚಳ್ಳಕೆರೆ ಒಣಗುವುದೂ ಇದೇ ಕಾರಣಕ್ಕೆ.

ಮೂರನೇ ದಿನ ಎಲ್ವಾ ನದಿ ಕಡಲು ಸೇರುವ ಜಾಗಕ್ಕೆ ಹೋದೆವು. ವಿದ್ಯುತ್ತಿಗಾಗಿ ಈ ನದಿಗೆ 1913ರಲ್ಲಿ ಒಂದು, 1927ರಲ್ಲಿ ಇನ್ನೊಂದು ಅಣೆಕಟ್ಟು ಕಟ್ಟಿದ್ದರು. 2011ರಿಂದ 2014ರೊಳಗೆ ಎರಡನ್ನೂ ಒಡೆದುಹಾಕಿದರು. ನದಿಯನ್ನು ಸರಿಪಡಿಸುವ ಇಡೀ ಕೆಲಸಕ್ಕೆ ಸುಮಾರು 32.5 ಕೋಟಿ ಡಾಲರ್ ಖರ್ಚು! "ಕಟ್ಟಿದ್ದನ್ನು ಒಡೆಯೋಕೆ ಇಷ್ಟು ದುಡ್ಡಾ ಮಾಮು? ಇದು ಪೂರಾ ನಷ್ಟ" ಎಂದೆ. ಮಾಮು ನಕ್ಕು, "ಕಾಮರ್ಸ್ ಓದ್ತೀಯಲ್ಲ ಬೇಟಾ, ಲೆಡ್ಜರಿನ ಎರಡೂ ಬದಿ ನೋಡು" ಎಂದರು.

ನೋಡಿದೆ. ಸಾಲ್ಮನ್ ಮೀನು ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೆ ಮರಳುತ್ತದೆ. ಹೆಚ್ಚಿನವು ಅಲ್ಲೇ ಸಾಯುತ್ತವೆ. ಅವುಗಳಿಂದ ಕರಡಿ, ಹಕ್ಕಿ, ಕೊನೆಗೆ ಮರಗಳಿಗೂ ಆಹಾರ. ಬೆಟ್ಟದ ಮರಳು ನದಿಯಲ್ಲಿ ಇಳಿದು ಕಡಲತೀರ ಕಟ್ಟುತ್ತದೆ. ಅಣೆಕಟ್ಟು ಎರಡನ್ನೂ ತಡೆದಿತ್ತು. ಮೀನು ಮೇಲೆ ಹೋಗಲಿಲ್ಲ, ಮರಳು ಕೆಳಗೆ ಬರಲಿಲ್ಲ. ಆ ಮೀನನ್ನೇ ನಂಬಿದ್ದ ಲೋವರ್ ಎಲ್ವಾ ಕ್ಲಾಲಂ ಬುಡಕಟ್ಟಿನವರ ನಷ್ಟವನ್ನು ವಿದ್ಯುತ್ತಿನ ಲೆಕ್ಕಕ್ಕೆ ಯಾರೂ ಸೇರಿಸಿರಲಿಲ್ಲ. ಅಣೆಕಟ್ಟು ಹೋದ ಮೇಲೆ ಸಾಲ್ಮನ್ ಮರಳಿ ಬಂದಿವೆ. ನಾನು ನಿಂತಿದ್ದ ಮರಳು ಕೂಡ ಹಾಗೆ ಬಂದದ್ದೇ.

ಹಾಗಂತ ಅಣೆಕಟ್ಟುಗಳೇ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಮನೆಯ ಬೋರ್‌ವೆಲ್ ಬೇಸಿಗೆಯಲ್ಲಿ ಕೈಕೊಡುತ್ತದೆ. ನಮ್ಮ ಜಿಲ್ಲೆ ಭದ್ರಾ ಮೇಲ್ದಂಡೆ ನೀರಿಗಾಗಿ ವರ್ಷಗಳಿಂದ ಕಾಯುತ್ತಿದೆ. ನಮಗೆ ನೀರು ಬೇಕೇ ಬೇಕು. ಆದರೆ ಆ ನೀರು ಘಟ್ಟದ ಕಾಡಿನಿಂದ ಬರಬೇಕು. ಪಡೆಯುವ ನಾವೇ ಕಾಡು ಮತ್ತು ನದಿಯ ಬದಿಯ ಲೆಕ್ಕವನ್ನೂ ಬರೆದಿಟ್ಟುಕೊಳ್ಳಬೇಕು. ಒಂದೇ ಬದಿ ಬರೆದರೆ ಖಾತೆ ತಾಳೆಯಾಗುವುದಿಲ್ಲ ಎಂದು ನಮಗೆ ಮೊದಲ ಪಿಯುಸಿಯಲ್ಲೇ ಕಲಿಸಿದ್ದಾರಲ್ಲವೇ?